ಕಟ್ಟಿಗೆಯ ತೋಳು

ನನ್ನ ತಂಗಿಯ ಕೆಳತುಟಿಯ ಎಡಬದಿಗೆ ಒಂದು ಸಣ್ಣ ಗೆರೆ ಇದೆ. ಎದುರಿಗೆ ಕೂತು ಮಾತಾಡುವವರಿಗೆ ಮಾತ್ರ ಕಾಣುವಷ್ಟು ಸಣ್ಣದು. ಯಾರಾದರೂ ಕೇಳಿದರೆ ಅವಳು ‘ಕ್ಲಾಸಿನ್ಯಾಗ ಪೆಟ್ಟಾತು’ ಎಂದು ಹೇಳಿ ಮಾತು ಬದಲಿಸುತ್ತಾಳೆ. ಹೊಡೆದವಳು ನಾನು. ಕೈತಪ್ಪಿ ಬಿದ್ದ ಏಟು ಎಂದು ಅಲ್ಲಿದ್ದವರು ನಂಬಿದರು, ಅವಳೂ ನಂಬಿದಳು. ನಾನು ನಂಬಲು ಬಿಟ್ಟೆ.

ನಾನು ಹೆಚ್ಚು ಓದಿದವಳಲ್ಲ. ಗದಗಿನ ಕಡೆಯ ಹಳ್ಳಿ ನಮ್ಮದು. ಏಳನೇ ಇಯತ್ತೆಯಲ್ಲಿದ್ದಾಗ ಅವ್ವ ತೀರಿಕೊಂಡಳು. ತಂಗಿ ಆಗಿನ್ನೂ ಕಂಕುಳ ಕೂಸು. ಅಪ್ಪ ಹತ್ತಿಯ ಗಿರಣಿಗೆ ಹೋಗುತ್ತಿದ್ದ. ಮನೆಯಲ್ಲಿ ಉಳಿಯಬೇಕಾದವಳು ನಾನೇ ಎಂದು ಯಾರೂ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಶಾಲೆ ಬಿಟ್ಟೆ. ಅವಳಿಗೆ ನಡೆಯಲು, ಉಣ್ಣಲು, ಅಕ್ಷರ ತಿದ್ದಲು ಕಲಿಸಿದವಳು ನಾನು. ಮುಂದೆ ನನಗೆ ಪರದೇಶದ ಈ ಬ್ರ್ಯಾಂಪ್ಟನ್ನಿನಲ್ಲಿ ಟ್ರಕ್ ಓಡಿಸುವವರೊಡನೆ ಮದುವೆಯಾಯಿತು. ಕೆಲವು ವರ್ಷಗಳ ನಂತರ ಅವಳೂ ಓದಲು ಇಲ್ಲಿಗೇ ಬಂದಳು. ಈಗ ನಾರ್ತ್ ಯಾರ್ಕಿನ ಒಂದು ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ, ಅಲ್ಲಿಯೇ ಎತ್ತರದ ಕಟ್ಟಡವೊಂದರಲ್ಲಿ ಗೆಳತಿಯೊಬ್ಬಳ ಜೊತೆ ಇರುತ್ತಾಳೆ. ನಾನು ಮನೆಯ ಹತ್ತಿರದ ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಮಾಡುತ್ತೇನೆ.

ಆ ಕ್ಲಿನಿಕ್ಕಿಗೆ ಮೊಣಕಾಲು ನೋವೆಂದು ಒಬ್ಬ ಚೀನೀ ಮುದುಕರು ಬರುತ್ತಿದ್ದರು. ವ್ಯಾಯಾಮ ಹೇಳಿಕೊಡುವಾಗ ತಂಗಿ ಅವರ ಮುಂಗೈ ಹಿಡಿದಳಂತೆ. ಅವರು ಜಗ್ಗಲಿಲ್ಲ, ದೂಡಲಿಲ್ಲ, ಆದರೆ ಅವಳ ಕೈ ತಾನಾಗಿ ಪಕ್ಕಕ್ಕೆ ಜಾರಿಹೋಯಿತಂತೆ. ಇದೇನು ಎಂದು ಕೇಳಿದ್ದಕ್ಕೆ ‘ವಿಂಗ್ ಚುನ್’ ಎಂದರು. ಮಾರ್ಕಮ್ಮಿನ ಒಂದು ಪ್ಲಾಜಾದಲ್ಲಿ, ಬೇಕರಿಯ ಮೇಲಿನ ಕೋಣೆಯಲ್ಲಿ, ಅವರು ಬಹಳ ವರ್ಷಗಳಿಂದ ಆ ವಿದ್ಯೆ ಕಲಿಸುತ್ತಿದ್ದರು. ತಂಗಿ ಹೋದಳು, ಬಿಡಲೇ ಇಲ್ಲ. ಅವಳು ಅಲ್ಲಿ ಸಾಕಷ್ಟು ಪಳಗಿದ ಮೇಲೆ ನನ್ನ ಬಲಭುಜ ಹಿಡಿದುಕೊಂಡಿತು. ಪೆಟ್ಟಿಗೆ ಎತ್ತಿ ಎತ್ತಿ ಹಾಗಾಗಿತ್ತು. ಜಡೆ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ.

“ನಮ್ಮ ಕ್ಲಾಸಿಗೆ ಬಾ ಅಕ್ಕಾ. ಎಕ್ಸರ್ಸೈಜ್ ಅಂತನ ತಿಳ್ಕೊ,” ಅಂದಳು.

“ಈ ವಯಸ್ಸಿನ್ಯಾಗ ಕುಸ್ತಿ ಆಡ್ಲೇನು?”

“ಕುಸ್ತಿ ಅಲ್ಲದು. ಒಬ್ಬ ಹೆಣಮಗಳು ಹುಟ್ಟಿಸಿದ್ದದು. ಬಂದ ನೋಡು.”

ಹೋದೆ. ಮೊದಲ ದಿನ ಕಲಿಸಿದ್ದು ಬರೀ ನಿಲ್ಲುವುದು. ಕಾಲ್ಬೆರಳು ಒಳಕ್ಕೆ, ಮೊಣಕಾಲು ಒಳಕ್ಕೆ, ಸೊಂಟ ಮುಂದಕ್ಕೆ. ಅವರ ಭಾಷೆಯಲ್ಲಿ ಅದಕ್ಕೆ ಆಡು ಹಿಡಿಯುವ ನಿಲುವು ಎಂದು ಹೆಸರಂತೆ. ಎರಡು ತೊಡೆಗಳ ನಡುವೆ ಆಡೊಂದನ್ನು ಅಮುಕಿ ಹಿಡಿದ ಹಾಗೆ ನಿಲ್ಲಬೇಕು. ಬೇರೆಯವರು ಕಷ್ಟಪಡುತ್ತಿದ್ದರು. ನಾನು ಊರಲ್ಲಿ ನಿಜವಾಗಿಯೂ ಆಡನ್ನು ಹಾಗೆ ಹಿಡಿದು ಬಾಯಿಗೆ ಔಷಧ ಹೊಯ್ದವಳು. ಗುರುಗಳು ಸುತ್ತ ಬಂದು ನನ್ನ ಮೊಣಕಾಲು ನೋಡಿ, ತಂಗಿಯನ್ನು ನೋಡಿ, “ಇವರಿಗೆ ಮೊದಲೇ ಹೇಳಿಕೊಟ್ಟಿದ್ದೀಯಾ?” ಎಂದರು. ತಂಗಿ ನಕ್ಕು ನಮ್ಮ ಮನೆಯ ಆಡುಗಳ ಕಥೆ ಹೇಳಿದಳು. ಅವತ್ತು ನನಗೆ ಹೆಮ್ಮೆಯಾಯಿತು. ಆ ವಿದ್ಯೆಯಲ್ಲಿ ನನಗೆ ಸುಲಭವಾಗಿ ಬಂದದ್ದು ಅದೊಂದೇ.

ಗುರುಗಳನ್ನು ಅಲ್ಲಿ ಎಲ್ಲರೂ ಸಿಫು ಎನ್ನುತ್ತಾರೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷಿನ ಹಾಗೆ ಒಡಕಲು. ಅದರಿಂದ ಅವರ ಮಾತು ನನಗೆ ಉಳಿದವರ ಮಾತಿಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಕ್ಲಾಸು ಮುಗಿದ ಮೇಲೆ ಚಹಾ ಕುಡಿಯುತ್ತ ಅವರು ಈ ವಿದ್ಯೆ ಹುಟ್ಟಿದ ಕಥೆ ಹೇಳುತ್ತಿದ್ದರು. ಅರಸನ ಸೈನಿಕರು ಒಂದು ಮಠವನ್ನು ಸುಟ್ಟರಂತೆ. ತಪ್ಪಿಸಿಕೊಂಡ ಒಬ್ಬ ಸನ್ಯಾಸಿನಿ ಬೆಟ್ಟದಲ್ಲಿ ಕೊಕ್ಕರೆ ಮತ್ತು ಹಾವಿನ ಕಾದಾಟ ನೋಡಿದಳಂತೆ. ಕೊಕ್ಕರೆ ಒಂದೇ ರೆಕ್ಕೆಯಿಂದ ಏಟನ್ನು ಬದಿಗೆ ಸರಿಸುತ್ತಲೇ ಕೊಕ್ಕಿನಿಂದ ಕುಕ್ಕುತ್ತಿತ್ತು. ತಡೆಯುವುದೂ ಹೊಡೆಯುವುದೂ ಒಂದೇ ಉಸಿರಿನಲ್ಲಿ. ಅದನ್ನು ನೋಡಿ ಆಕೆ ಕಡಿಮೆ ಬಲದವರಿಗೆ ಒದಗುವ ಒಂದು ವಿದ್ಯೆ ಕಟ್ಟಿದಳು. ಬೆಟ್ಟದ ಕೆಳಗೆ ಸೋಯಾ ಹಾಲಿನ ಗಟ್ಟಿ ಮಾರುವ ಹುಡುಗಿಯನ್ನು ಊರ ಪುಂಡನೊಬ್ಬ ಬಲವಂತದಿಂದ ಮದುವೆಯಾಗಲು ಹೊರಟಿದ್ದ. ಸನ್ಯಾಸಿನಿ ಆ ಹುಡುಗಿಗೆ ಇದನ್ನು ಕಲಿಸಿದಳು. ಹುಡುಗಿ ಅವನನ್ನು ಎಲ್ಲರೆದುರು ಕೆಡವಿದಳು. ವಿದ್ಯೆಗೆ ಆ ಹುಡುಗಿಯ ಹೆಸರೇ ನಿಂತಿತು. ಮುಂದೆ ಅದು ಕೆಂಪು ದೋಣಿಗಳಲ್ಲಿ ಊರೂರು ಸುತ್ತುವ ನಾಟಕದವರ ಕೈಗೆ ಬಂತಂತೆ. ನಮ್ಮ ಕಡೆ ನಾಟಕ ಕಂಪನಿಗಳು ಲಾರಿಯಲ್ಲಿ ಪರದೆ, ಪೆಟ್ಟಿಗೆ ತುಂಬಿಕೊಂಡು ಬರುತ್ತಿದ್ದದ್ದು ನೆನಪಾಗಿ ನನಗೆ ಆ ಭಾಗ ಬಹಳ ಇಷ್ಟವಾಯಿತು.

“ಇದು ನಿಜವೋ ಸುಳ್ಳೋ ಯಾರಿಗೂ ಗೊತ್ತಿಲ್ಲ,” ಎಂದು ಸಿಫು ಪ್ರತಿ ಸಲವೂ ಸೇರಿಸುತ್ತಿದ್ದರು. “ನನ್ನ ಗುರು ನನಗೆ ಹೇಳಿದರು. ನಾನು ನಿಮಗೆ ಹೇಳಿದೆ.”

ಆ ಕೋಣೆಯಲ್ಲಿ ಒಂದು ರೂಢಿ ಇತ್ತು. ಅಲ್ಲಿ ಎಲ್ಲರೂ ಒಂದು ಮನೆಯವರು, ಆದರೆ ಹಿರಿತನ ವಯಸ್ಸಿನಿಂದಲ್ಲ. ಯಾರು ಮೊದಲು ಬಂದು ಸೇರಿದರೋ ಅವರು ಅಣ್ಣ, ಅಕ್ಕ. ನಂತರ ಬಂದವರು ತಮ್ಮ, ತಂಗಿ. ತಲೆ ಹಣ್ಣಾದವರೂ ಮೀಸೆ ಮೂಡದವನನ್ನು ಅಣ್ಣ ಎನ್ನಬೇಕು. ಹೀಗಾಗಿ ನಾನು ಎತ್ತಿ ಆಡಿಸಿದ ಕೂಸು ಆ ಕೋಣೆಯಲ್ಲಿ ನನಗೆ ಸಿಜೆ, ಅಂದರೆ ಅಕ್ಕ. ಚಹಾ ಬಗ್ಗಿಸುವ ಕೆಲಸ ಎಲ್ಲರಿಗಿಂತ ಕಿರಿಯರದು. ನನ್ನ ನಂತರ ಯಾರೂ ಹೊಸಬರು ಸೇರಿರಲಿಲ್ಲ. ನಾನು ಎರಡೂ ಕೈಯಲ್ಲಿ ಲೋಟ ಹಿಡಿದು ತಂಗಿಯ ಮುಂದೆ ಚೂರು ಬಾಗಿ ಕೊಡಬೇಕಿತ್ತು. ಮೊದಮೊದಲು ಅದೊಂದು ಆಟದ ಹಾಗಿತ್ತು. ಮನೆಯಲ್ಲಿ ನಮ್ಮ ಯಜಮಾನರು ಸಿಕ್ಕಿದ್ದೇ ಸಾಕು ಎಂದು ಹಿಡಿದುಕೊಂಡರು. ತಂಗಿ ಬಂದಾಗಲೆಲ್ಲ, “ಸಣ್ಣಾಕಿ ಎಲ್ಲಿ? ದೊಡ್ಡಾಕಿ ಬಂದಾಳ, ಚಾ ಇಡಂತ ಹೇಳ್ರಿ,” ಎಂದು ನನ್ನನ್ನು ಕಾಡುತ್ತಿದ್ದರು.

ಹೊರಗೆ ನಗುತ್ತಿದ್ದೆ. ಒಳಗೆ ಏನೋ ಕೂತುಕೊಂಡಿತ್ತು. ನಾನು ಅದನ್ನು ಆಗಲೇ ನೋಡಿದ್ದರೆ ಚೆನ್ನಾಗಿತ್ತು.

ವಿಂಗ್ ಚುನ್‌ನಲ್ಲಿ ಕಲಿಯಬೇಕಾದ್ದು ಬಹಳ ಕಡಿಮೆ ಎಂದು ಸಿಫು ಹೇಳುತ್ತಿದ್ದರು. ಗಂಟಲಿನಿಂದ ಹೊಕ್ಕುಳಿಗೆ ಒಂದು ದಾರ ಇಳಿಬಿಟ್ಟಿದೆ ಎಂದುಕೊಳ್ಳಬೇಕು. ನಮ್ಮ ದಾರವನ್ನು ಕಾಯಬೇಕು, ಎದುರಿನವರ ದಾರದ ಕಡೆಗೆ ಹೋಗಬೇಕು. ಮೊಣಕೈ ಮೈಗೆ ಹತ್ತಿರ ಇರಬೇಕು. ಮುಷ್ಟಿ ಎದೆಯ ನಡುವಿನಿಂದ ನೆಟ್ಟಗೆ ಹೊರಡಬೇಕು, ಸುತ್ತಿ ಬಳಸಿ ಹೋಗಬಾರದು. ಅಂಗೈ ಮೇಲೆ ಮಾಡಿ ಚಾಚುವ ಕೈ, ರೆಕ್ಕೆಯ ಹಾಗೆ ಮೊಣಕೈ ಎತ್ತುವ ಕೈ, ಎದುರಿನವರ ಕೈಮೇಲೆ ಸುಮ್ಮನೆ ಕೂರುವ ಕೈ, ಈ ಮೂರನ್ನೇ ತಿರುಗಿಸಿ ಮುರುಗಿಸಿ ಮಾಡುವುದು. ಇಷ್ಟೆಲ್ಲ ಕಲಿತ ಮೇಲೆ ಇಬ್ಬರು ಎದುರುಬದುರು ನಿಂತು ಮುಂಗೈಗೆ ಮುಂಗೈ ತಾಗಿಸಿ ಉರುಳಿಸುತ್ತ ಇರಬೇಕು. ಅದಕ್ಕೆ ಅಂಟುಗೈ ಎನ್ನುತ್ತಾರೆ. ಕಣ್ಣಿಗೆ ಅಲ್ಲಿ ಕೆಲಸವಿಲ್ಲ. ಎದುರಿನವರು ಎಲ್ಲಿ ಬಿಗಿದರು, ಎಲ್ಲಿ ಸಡಿಲಿಸಿದರು ಎಂಬುದನ್ನು ಚರ್ಮವೇ ತಿಳಿಯಬೇಕು.

ನನಗೆ ಅದು ಬೀಸುವ ಕಲ್ಲಿನ ಹಾಗೆ ಕಂಡಿತು. ಊರಲ್ಲಿ ನಾನು, ತಂಗಿ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದೆವು. ಒಬ್ಬರು ಎಳೆದರೆ ಇನ್ನೊಬ್ಬರು ಬಿಡಬೇಕು, ಒಬ್ಬರು ಸುಸ್ತಾದರೆ ಇನ್ನೊಬ್ಬರ ಕೈಗೆ ತಿಳಿಯುತ್ತದೆ. ಇದನ್ನು ಹೇಳಿದಾಗ ತಂಗಿ ಸಂತೋಷದಿಂದ ಸಿಫುಗೆ ವಿವರಿಸಿದಳು. ಅವರು ತಲೆದೂಗಿ, “ಹೌದು. ಆದರೆ ಇಲ್ಲಿ ಹಿಟ್ಟು ಬರುವುದಿಲ್ಲ,” ಎಂದರು.

ಅಂಟುಗೈಯಲ್ಲಿ ಹಿರಿಯರಿಗೆ ಇನ್ನೊಂದು ಕೆಲಸವಿದೆ. ಅವರು ಕಿರಿಯರಿಗೆ ಬೇಕೆಂದೇ ಒಂದು ಸಂದು ಬಿಟ್ಟುಕೊಡಬೇಕು. ಎದೆಯ ಮುಂದೆ ಕಾವಲು ತೆಗೆದು, ಬಾ ಎಂದು ಕರೆಯಬೇಕು. ಕಿರಿಯರು ಅದನ್ನು ಕೈಯಿಂದಲೇ ಗುರುತಿಸಿ ಒಳಗೆ ಹೋಗಿ, ಮೆಲ್ಲಗೆ ಮುಟ್ಟಿ ಬಿಡಬೇಕು. ನಂಬಿ ತೆರೆದ ಬಾಗಿಲು ಅದು. ಅಲ್ಲಿ ಯಾರೂ ಬಲ ಹಾಕುವುದಿಲ್ಲ. ಇದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೂ.

ಕಳೆದ ವರ್ಷ ಚಳಿ ಮುಗಿಯುವ ಹೊತ್ತಿಗೆ ಸಿಫು ಒಂದು ಮಾತು ಹೇಳಿದರು. ಅವರು ವ್ಯಾಂಕೂವರಿನಲ್ಲಿರುವ ಮಗಳ ಮನೆಗೆ ಹೋಗಿಬಿಡುವವರಿದ್ದರು. ಹೋಗುವ ಮೊದಲು ಒಬ್ಬರಿಂದ ಶಿಷ್ಯತ್ವದ ಚಹಾ ತೆಗೆದುಕೊಳ್ಳುತ್ತೇನೆ, ಕೋಣೆಯನ್ನೂ ಅವರಿಗೇ ಒಪ್ಪಿಸುತ್ತೇನೆ ಎಂದರು. ದುಡ್ಡು ಕೊಟ್ಟು ಕಲಿಯಲು ಬರುವವರು ಬೇರೆ, ಚಹಾ ಕೊಟ್ಟ ಶಿಷ್ಯರು ಬೇರೆ. ಶಿಷ್ಯರು ಮಂಡಿಯೂರಿ ಗುರುವಿಗೆ ಚಹಾ ಕೊಡುತ್ತಾರೆ, ಅವರ ಮನೆಯ ಹಿರಿಯರೊಬ್ಬರು ಬಂದು ಒಪ್ಪಿಗೆ ಹೇಳುತ್ತಾರೆ, ಅಲ್ಲಿಂದ ಅವರು ಆ ಮನೆತನದವರು. ಎಲ್ಲರ ಕಣ್ಣು ನನ್ನ ತಂಗಿಯ ಮೇಲಿತ್ತು. ಅವಳು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳು ಬೇರೆ ಏನನ್ನೂ ಅಷ್ಟು ಬಯಸಿದ್ದನ್ನು ನಾನು ಕಂಡಿಲ್ಲ.

“ನೀನು ಚೆನ್ನಾಗಿ ಮಾಡುತ್ತೀ, ಗೊತ್ತು,” ಎಂದು ಸಿಫು ಅವಳಿಗೆ ಹೇಳಿದರು. “ಅದನ್ನು ನೋಡುವುದಿಲ್ಲ. ನೀನು ಕಲಿಸಿದವರನ್ನು ಕರೆದುಕೊಂಡು ಬಾ. ಅವರ ಕೈಯಲ್ಲಿ ನಿನ್ನನ್ನು ನೋಡುತ್ತೇನೆ.”

ಕಿರಿಯರನ್ನು ಹಿರಿಯರು ತಿದ್ದುವುದು ಅಲ್ಲಿನ ರೂಢಿ, ಮೊದಲಿನಿಂದ ಅವಳು ಕಲಿಸಿದವಳು ನಾನು. ಅವಳಿಗೆ ಅದರಿಂದ ಖುಷಿಯಾಯಿತು. “ನೀನ ಇರೂವಾಗ ನನಗೇನ ಚಿಂತಿ,” ಅಂದಳು.

ಪರೀಕ್ಷೆಯ ಹಿಂದಿನ ದಿನ ನಮ್ಮ ಕನ್ನಡದವರ ಯುಗಾದಿ ಊಟವಿತ್ತು, ಒಂದು ಶಾಲೆಯ ಹಾಲ್‌ನಲ್ಲಿ. ಮಡಚುವ ಕುರ್ಚಿಗಳು, ದೊಡ್ಡ ಅಲ್ಯೂಮಿನಿಯಂ ತಟ್ಟೆಗಳಲ್ಲಿ ಪುಳಿಯೋಗರೆ, ಹೋಳಿಗೆ. ನಮ್ಮ ಮೇಜಿನಲ್ಲಿ ಬೆಂಗಳೂರಿನ ಒಬ್ಬರು ಕೂತಿದ್ದರು. ಮಾತು ಕುಂಗ್ ಫೂ ಕಡೆಗೆ ಹೊರಳಿತು.

“ಅಕ್ಕನ್ನೇ ಸ್ಟೂಡೆಂಟ್ ಮಾಡ್ಕೊಂಡ್ಬಿಟ್ಟಿದೀರಾ? ಸೂಪರ್ ಕಣ್ರೀ,” ಅಂದರು ಅವರು.

“ಮತ್ತೇನ್ರಿ,” ಎಂದಳು ತಂಗಿ. “ಎರಡೂ ಕೈಲೆ ಚಾ ಕೊಡ್ತಾಳ ನನಗ. ಆದ್ರ ಏನ ಹೇಳಿದ್ರೂ ತಲಿಗೆ ಇಳಿಯಂಗಿಲ್ಲ. ಬರೇ ಶಕ್ತಿ ಹಾಕೂದು, ಜ್ವಾಳದ ಚೀಲ ಎತ್ತಿದಂಗ. ಸಾಲಿನೂ ಹಿಂಗ ಅರ್ಧಕ್ಕ ಬಿಟ್ಟಾಕಿ. ಇದನ್ನರೆ ಪೂರ್ತಿ ಮಾಡಸ್ತೇನಿ ಅಂತ ಹಟ ನನಗ.”

ಮೇಜು ತುಂಬ ನಗು. ನಾನೂ ನಕ್ಕೆ. ತಂಗಿ ನನ್ನ ತೋಳಿಗೆ ತೋಳು ಸೇರಿಸಿ ಕೂತಿದ್ದಳು. ಅವಳ ಮಾತಿನಲ್ಲಿ ಚುಚ್ಚು ಇರಲಿಲ್ಲ, ಅಭಿಮಾನವೇ ಇತ್ತು. ಈಗ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಅವತ್ತು ಕೇಳಿಸಿದ್ದು ಒಂದೇ: ಶಾಲೆ ಅರ್ಧಕ್ಕೆ ಬಿಟ್ಟವಳು. ಯಾರಿಗಾಗಿ ಬಿಟ್ಟೆ ಎಂದು ಆ ಮೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವಳು ಹೇಳಲೂ ಇಲ್ಲ. ಬಹುಶಃ ಅವಳಿಗೆ ಯಾರೂ ಹೇಳಿರಲೇ ಇಲ್ಲ. ನಾನಂತೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಮಾರ್ಕಮ್ಮಿಗೆ ಹೋದೆವು. ಸಿಫು ಗೋಡೆಯ ಹತ್ತಿರ ಸ್ಟೂಲಿನ ಮೇಲೆ ಕೂತಿದ್ದರು. ಅವರ ಬದಿಗೆ ತೋಳುಗಳಂತೆ ಗೂಟ ಚಾಚಿಕೊಂಡ ಕಟ್ಟಿಗೆಯ ಕಂಬ, ಒಬ್ಬರೇ ಅಭ್ಯಾಸ ಮಾಡುವಾಗ ಬಳಸುವಂಥದು. ಯಾರಾದರೂ ಬಿಗಿದುಕೊಂಡರೆ ಸಿಫು ಅದನ್ನೇ ತೋರಿಸಿ, ‘ಅದು ಆಗಲೇ ಒಂದಿದೆ, ಇನ್ನೊಂದು ಬೇಡ’ ಎನ್ನುತ್ತಿದ್ದರು. ನಾವಿಬ್ಬರೂ ಆಡು ಹಿಡಿದ ನಿಲುವಿನಲ್ಲಿ ನಿಂತು ಮುಂಗೈ ತಾಗಿಸಿದೆವು. ಉರುಳಿಸತೊಡಗಿದೆವು.

ನಾನು ಬಿಗಿದೆ.

ಬಿಗಿಯದೆ ಇರಲು ಆಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಷ್ಟು ಹೊತ್ತಿಗೆ ನನ್ನ ಭುಜ ವಾಸಿಯಾಗಿತ್ತು, ತೋಳು ಮೆತ್ತಗೆ ಉರುಳುತ್ತಿತ್ತು. ಹಿಂದಿನ ವಾರವಷ್ಟೇ ಒಬ್ಬ ಹಿರಿಯ ಅದನ್ನು ಹೊಗಳಿದ್ದ. ಅದನ್ನು ನಾನು ಬೇಕೆಂದೇ ಕಟ್ಟಿಗೆ ಮಾಡಿದೆ. ಬಾಗಿಲ ಅಗುಳಿ ಹಾಕಿದ ಹಾಗೆ ಮೊಣಕೈ ಬಿಗಿ ಮಾಡಿದೆ. ತಂಗಿಯ ಮುಖ ಬದಲಾಯಿತು. ತುಟಿ ಅಲುಗಿಸದೆ ಹೇಳಿದಳು, “ಅಕ್ಕಾ, ಭುಜ ಬಿಡು. ಬಿಡು.” ನಾನು ಬಿಡಲಿಲ್ಲ. ಅವಳು ದಿಕ್ಕು ಬದಲಿಸಿದಳು, ನಿಧಾನ ಮಾಡಿದಳು, ಮತ್ತೆ ಮೊದಲಿನಿಂದ ಶುರು ಮಾಡಿದಳು. ಯಾವುದಕ್ಕೂ ನಾನು ಸಿಗಲಿಲ್ಲ. ಅವಳು ಗಾಬರಿಯಾಗುವುದನ್ನು ನನ್ನ ಮುಂಗೈ ತಿಳಿಯುತ್ತಿತ್ತು. ತಿಳಿದು ನನಗೆ ಹಿತವಾಗುತ್ತಿತ್ತು.

ಕೊನೆಗೆ ಅವಳು ಸಂದು ಬಿಟ್ಟುಕೊಟ್ಟಳು. ಹಿರಿಯರು ಕಿರಿಯರಿಗೆ ಬಿಡುವ ಸಂದು, ಹಗುರ ಮುಟ್ಟಿ ಬಾ ಎಂದು. ನಾನು ಒಳಗೆ ಹೋಗಿ ಮೈಭಾರವನ್ನೆಲ್ಲ ಹಾಕಿ ಬಾಯಿಗೆ ಗುದ್ದಿದೆ.

ಅವಳು ಹಿಂದೆ ಸರಿದು ಗೋಡೆಗೆ ಒರಗಿದಳು. ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿಯಿತು. ಯಾರೋ ಟವೆಲು ತಂದರು. ನಾನು ಬಾಯಿಗೆ ಕೈ ಹಿಡಿದು ಅವ್ವಾ ಎಂದೆ. ಆ ಅವ್ವಾ ಎಂಬುದೂ ಅರ್ಧ ನಾಟಕ.

ಸಿಫು ಎದ್ದು ಬಂದರು. ತಂಗಿಯ ಹಲ್ಲು ಮುಟ್ಟಿ ನೋಡಿದರು. ನಂತರ ನನ್ನ ಮುಂದೆ ನಿಂತು ನನ್ನ ಮುಂಗೈ ಮೇಲೆ ತಮ್ಮ ಮುಂಗೈ ಇಟ್ಟರು, ಸ್ವಲ್ಪ ಹೊತ್ತು ಉರುಳಿಸಿದರು. ನನ್ನ ಮುಖ ನೋಡಿದರು. ಕೈ ತೆಗೆದು ತಂಗಿಯ ಕಡೆ ತಿರುಗಿ ಕೇಳಿದರು, “ಈ ತೋಳು ಕಟ್ಟಿಗೆ. ಯಾರು ಕಲಿಸಿದ್ದು?”

“ನಾನು,” ಎಂದಳು ತಂಗಿ, ಟವೆಲಿನ ಒಳಗಿನಿಂದ.

ಒಂದು ಮಾತು ಸಾಕಿತ್ತು. ನಾನು ಬೇಕಂತಲೇ ಮಾಡಿದೆ, ಇವಳು ಚೆನ್ನಾಗಿ ಕಲಿಸಿದ್ದಾಳೆ. ನನ್ನ ಒಡಕಲು ಇಂಗ್ಲಿಷಿಗೂ ಅದು ದೊಡ್ಡ ವಾಕ್ಯವಲ್ಲ. ಸಿಫು ಕಾಯುತ್ತಿರುವ ಹಾಗೆ ಸ್ವಲ್ಪ ಹೊತ್ತು ನಿಂತರು. ನಾನು ನೆಲದ ಮೇಲೆ ಬಿದ್ದ ರಕ್ತದ ಹನಿಗಳನ್ನು ಕಾಗದದಿಂದ ಒರೆಸುತ್ತಿದ್ದೆ.

“ಈಗ ಬೇಡ,” ಎಂದರು ಸಿಫು ಅವಳಿಗೆ.

ವಾಪಸು ಬರುವಾಗ ಕಾರು ನಾನು ಓಡಿಸಿದೆ. ಹೈವೇ ತಲುಪುವವರೆಗೆ ಅವಳು ಟವೆಲನ್ನು ತುಟಿಗೆ ಒತ್ತಿ ಹಿಡಿದಿದ್ದಳು. ಆಮೇಲೆ ತುಟಿ ನೋಯದ ಹಾಗೆ ಮೆಲ್ಲಗೆ ಹೇಳಿದಳು.

“ತಪ್ಪು ನಂದ ಅಕ್ಕಾ. ನಿನ್ನ ಭುಜ ಮತ್ತ ಹಿಡಕೊಂಡದ ಅಂತ ಅನಸ್ತದ. ನನಗ ಅವಸರ ಆತು. ಎಲ್ಲಾರ ಮುಂದ ನಿನ್ನ ನಿಲ್ಲಿಸಿ ಮುಜುಗರ ಮಾಡಿದೆ. ಸಾರಿ.”

“ಇರ್ಲಿ ಬಿಡವಾ,” ಅಂದೆ ನಾನು.

ಅವಳನ್ನು ಕ್ಷಮಿಸಿದೆ. ಹೊಡೆದದ್ದಕ್ಕಿಂತ, ಸುಮ್ಮನಿದ್ದದ್ದಕ್ಕಿಂತ ನನಗೆ ಇವತ್ತಿಗೂ ಹೆಚ್ಚು ನಾಚಿಕೆ ತರುವುದು ಆ ಎರಡು ಪದ. ದೊಡ್ಡ ಮನಸ್ಸಿನವರ ದನಿಯಲ್ಲಿ ಹೇಳಿದೆ. ಕಣ್ಣು ರಸ್ತೆಯ ಮೇಲಿತ್ತು.

ಅಲ್ಲಿಂದ ಮುಂದೆ ನಾನು ಕ್ಲಾಸಿಗೆ ಹೋಗಲಿಲ್ಲ, ಅವಳೇ ಪ್ರತಿ ಭಾನುವಾರ ಮಧ್ಯಾಹ್ನ ಬ್ರ್ಯಾಂಪ್ಟನ್ನಿಗೆ ಬರತೊಡಗಿದಳು. ಸಬ್‌ವೇ ಹಿಡಿದು, ಬಸ್ಸು ಹಿಡಿದು. ನಮ್ಮ ಬೇಸ್‌ಮೆಂಟಿನಲ್ಲಿ ನನ್ನನ್ನು ಕೂರಿಸಿ ಬಿಸಿ ಚೀಲ ಇಟ್ಟು ಭುಜ ತಿಕ್ಕುತ್ತಿದ್ದಳು. ಬೆರಳಿನಿಂದ ಗಂಟು ಹುಡುಕುತ್ತಿದ್ದಳು. ಆಮೇಲೆ ಇಬ್ಬರೂ ಅಂಟುಗೈ ಅಭ್ಯಾಸ ಮಾಡುತ್ತಿದ್ದೆವು. ನನ್ನ ತೋಳನ್ನು ಮೆತ್ತಗೆ ಮಾಡಿ ಸಿಫುಗೆ ಮತ್ತೊಮ್ಮೆ ತೋರಿಸಬೇಕು ಎಂಬುದೊಂದೇ ಅವಳ ಆಸೆ. ನನ್ನ ಕಷ್ಟ ನೋಡಿ: ತೋಳು ಮೊದಲೇ ಮೆತ್ತಗಿತ್ತು. ಒಮ್ಮೆಲೇ ಮೆತ್ತಗೆ ಉರುಳಿಸಿದರೆ ಗುಟ್ಟು ಹೊರಬೀಳುತ್ತದೆ. ಹಾಗಾಗಿ ವಾರವಾರವೂ ಕಟ್ಟಿಗೆಯ ಹಾಗೆ ನಟಿಸಬೇಕಾಯಿತು, ಸ್ವಲ್ಪಸ್ವಲ್ಪವೇ ಸಡಿಲಿಸುತ್ತ. ಅವಳು “ಇವತ್ತ ಭಾಳ ಛಲೋ ಆತು ನೋಡು” ಎಂದು ಮುಖ ಅರಳಿಸುತ್ತಿದ್ದಳು. ಬೇರೆ ಯಾರ ಕೈ ಹೀಗೆ ನಟಿಸಿದ್ದರೂ ಅವಳು ತಕ್ಷಣ ಕಂಡುಹಿಡಿಯುತ್ತಿದ್ದಳು. ನನ್ನ ಕೈ ಸುಳ್ಳು ಹೇಳಬಹುದು ಎಂದು ಅವಳ ಕೈಗೆ ಹೊಳೆಯಲೇ ಇಲ್ಲ.

ಮೇ ತಿಂಗಳ ಒಂದು ಭಾನುವಾರ ಅವಳು ಭುಜ ತಿಕ್ಕುತ್ತ ಸಹಜವಾಗಿ ಹೇಳಿದಳು, ಸಿಫು ಕೋಣೆಯನ್ನು ಬೇರೊಬ್ಬನಿಗೆ ಒಪ್ಪಿಸಲು ಮಾತು ಕೊಟ್ಟಿದ್ದಾರೆ ಎಂದು. ಅವಳಿಗಿಂತ ನಂತರ ಸೇರಿದ ಹುಡುಗ, ಒಳ್ಳೆಯವನು. “ಅಂವಗ ಬರ್ತದ ಕಲಸಾಕ. ನನಗ ಬರಂಗಿಲ್ಲ, ಅದು ಗೊತ್ತಾತಲ್ಲ,” ಅಂದಳು. ಕ್ಲಾಸಿನಲ್ಲಿ ಕಿರಿಯರಿಗೆ ಹೇಳಿಕೊಡುವುದನ್ನೂ ಬಿಟ್ಟಿದ್ದಳಂತೆ. ಕ್ಲಿನಿಕ್ಕಿನಲ್ಲಿ ಸಹ, ರೋಗಿಗಳಿಗೆ ವ್ಯಾಯಾಮ ತೋರಿಸುವಾಗ, ತಾನು ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಎರಡೆರಡು ಸಲ ಕೇಳುವಂತಾಗಿದ್ದಳಂತೆ. ನಾನು ಬೆನ್ನು ಮಾಡಿ ಕೂತಿದ್ದೆ. ಅದೊಂದು ಅನುಕೂಲವಾಯಿತು.

ಆ ವಾರ ರಜೆ ಹಾಕಿ ಒಬ್ಬಳೇ ಬಸ್ಸಿನಲ್ಲಿ ಮಾರ್ಕಮ್ಮಿಗೆ ಹೋದೆ. ಸಿಫು ಕೋಣೆಯಲ್ಲಿ ಹಳೆಯ ಸಾಮಾನು ವಿಂಗಡಿಸುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ನಾನು ನಿಂತೇ ಹೇಳಿದೆ. ತೋಳು ಕಟ್ಟಿಗೆಯಲ್ಲ, ಬೇಕೆಂದು ಮಾಡಿದ್ದು, ಏಟೂ ಹಾಗೆಯೇ.

“ಗೊತ್ತು,” ಎಂದರು. “ಕಟ್ಟಿಗೆಗೆ ಸಿಟ್ಟು ಬರುವುದಿಲ್ಲ. ನಿನ್ನ ತೋಳಿಗೆ ಬಂದಿತ್ತು.”

“ಗೊತ್ತಿದ್ದರೆ ಅವತ್ತೇ ಯಾಕೆ ಹೇಳಲಿಲ್ಲ?”

ಅವರಿಗೆ ಕೋಪ ಬಂತು. ಕೈಯಲ್ಲಿದ್ದದ್ದನ್ನು ಕೆಳಗಿಟ್ಟರು. “ನಾನು ಹೇಳಬೇಕಿತ್ತಾ? ನೀನು ಅಲ್ಲೇ ಇದ್ದೆ.” ಮತ್ತೆ ಸಾಮಾನಿಗೆ ಕೈ ಹಾಕುತ್ತ ಸೇರಿಸಿದರು, “ಅವಳಿಗೂ ತಿಳಿಯಬೇಕಿತ್ತು. ಸ್ವಂತ ಅಕ್ಕನ ಸಿಟ್ಟು ಕೈಗೆ ತಿಳಿಯದಿದ್ದರೆ ಬೇರೆಯವರದು ಹೇಗೆ ತಿಳಿಯುತ್ತದೆ?”

ಆ ಮಾತನ್ನು ಹಿಡಿದುಕೊಳ್ಳಲು ನನ್ನ ಮನಸ್ಸು ತಕ್ಷಣ ಕೈಚಾಚಿತು. ಹಾಗಾದರೆ ಪೂರ್ತಿ ನನ್ನ ತಪ್ಪಲ್ಲ. ಬಸ್ಸಿನಲ್ಲಿ ಬ್ರ್ಯಾಂಪ್ಟನ್ನಿನವರೆಗೂ ಅದನ್ನೇ ತಿರುಗಿಸಿ ನೋಡಿದೆ. ಅವಳಿಗೆ ತಿಳಿಯದೆ ಹೋದದ್ದು ನಾನು ಬೆಳೆಸಿದ್ದರಿಂದ. ಚಿಕ್ಕಂದಿನಿಂದ ಅವಳು ಕಣ್ಣುಮುಚ್ಚಿ ಹಿಡಿದ ಕೈ ಇದೊಂದೇ. ಅದನ್ನು ಅವಳ ತಪ್ಪಿನ ಲೆಕ್ಕಕ್ಕೆ ಸೇರಿಸಲು ನನಗೇ ಅಸಹ್ಯವಾಯಿತು.

ಕೋಣೆಯ ಮಾತು ಆಗಿಹೋಗಿದೆ, ಹಿಂತಿರುಗಿಸಲಾಗದು ಎಂದು ಸಿಫು ಹೇಳಿದ್ದರು. ಆದರೆ ಚಹಾ ಕುಡಿಯಲು ತಾವು ಸಿದ್ಧ, ಅವಳಿಗೆ ಇಷ್ಟವಿದ್ದರೆ ಮನೆಯ ಹಿರಿಯರನ್ನು ಕರೆದುಕೊಂಡು ಬರಲಿ ಎಂದಿದ್ದರು. “ಮೊದಲು ನೀನು ಅವಳಿಗೆ ಹೇಳು,” ಎಂದಿದ್ದರು.

ಶನಿವಾರ ಅವಳ ಮನೆಗೆ ಹೋದೆ. ಅಡುಗೆಮನೆಯಲ್ಲಿ ನಿಂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ನಾನೂ ಒಂದು ಕಟ್ಟು ತೆಗೆದುಕೊಂಡೆ. ಕೈಗೆ ಕೆಲಸವಿದ್ದರೆ ಹೇಳುವುದು ಸುಲಭ ಅಂದುಕೊಂಡಿದ್ದೆ.

“ಅವತ್ತ ನನ್ನ ಭುಜ ಆರಾಮ ಇತ್ತು. ನಾ ಬೇಕಂತ ಬಿಗದೆ.”

“ಏನಂದಿ?”

“ಬೇಕಂತ ಮಾಡಿದೆ.”

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. “ಹೊಡದದ್ದು?”

“ಅದೂ.”

“ಯಾಕ?”

“ಹಬ್ಬದ ದಿನ ಎಲ್ಲಾರ ಮುಂದ ನಗಿಸಿದಿ. ಸಾಲಿ ಬಿಟ್ಟಾಕಿ ಅಂದಿ.”

“ಅದಕ್ಕ?”

“ಅದಕ್ಕ.”

ಬಾಯಿಂದ ಹೊರಬಂದ ಮೇಲೆ ಅದು ಎಷ್ಟು ಸಣ್ಣದು ಎಂದು ಇಬ್ಬರಿಗೂ ಕಂಡಿತು. ಅವಳು ನಲ್ಲಿ ತಿರುಗಿಸಿ ಕೈ ತೊಳೆದಳು. ಒರೆಸಿಕೊಂಡಳು.

“ಸಂಡೆ ಸಂಡೆ ಬಂದು ನಿನ್ನ ಭುಜ ತಿಕ್ಕಿದ್ನಲ್ಲಾ. ಆವಾಗ ಏನ ಅನಸ್ತಿತ್ತು ನಿನಗ?”

ಸುಳ್ಳು ಹೇಳಬಹುದಿತ್ತು. ಸಾಯುವಷ್ಟು ಸಂಕಟವಾಗುತ್ತಿತ್ತು ಎನ್ನಬಹುದಿತ್ತು. “ಛಲೋ ಅನಸ್ತಿತ್ತು,” ಅಂದೆ. “ನೀ ಬರ್ತಿದ್ದಿ ಅಂತ.”

ಅವಳು ಕೈ ಒರೆಸಿದ ಬಟ್ಟೆಯನ್ನು ಮಡಚಿ ಕಟ್ಟೆಯ ಮೇಲಿಟ್ಟಳು. ನಾನು ಸಿಫು ಹತ್ತಿರ ಹೋಗಿದ್ದನ್ನು, ಅವರು ಹೇಳಿ ಕಳಿಸಿದ್ದನ್ನು ಹೇಳಿದೆ. ಒಳ್ಳೆಯ ಸುದ್ದಿ ಕೊನೆಗಿರಲಿ ಎಂದು ಇಟ್ಟುಕೊಂಡಿದ್ದೆ.

“ಅವರಿಗೆ ಹೇಳಿದಿ,” ಎಂದಳು. “ನನಗಿಂತ ಮೊದ್ಲ.”

“ಅವರಿಗೆ ಹೇಳಿದ್ರ ಸರಿ ಆಗ್ತದ ಅಂತ…”

“ತುಟಿ ಯಾರದು ಅಕ್ಕಾ?” ದನಿ ಏರಲಿಲ್ಲ. “ನೀ ಈಗ ಮನಿಗೆ ಹೋಗು.”

ನನ್ನ ಪಾಲಿನ ಸೊಪ್ಪು ಅರ್ಧ ಬಿಡಿಸಿದ್ದು ಹಾಗೆಯೇ ಇತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಮೊದಲು ಅವಳಿಗೆ ಹೇಳುವ ಧೈರ್ಯ ನನಗಿರಲಿಲ್ಲ. ಹೊರಗಿನವರ ಮುಂದೆ ಒಳ್ಳೆಯವಳಾಗಿ, ಆ ಒಳ್ಳೆಯತನವನ್ನು ಕೈಯಲ್ಲಿ ಹಿಡಿದುಕೊಂಡು ಅವಳ ಮುಂದೆ ಹೋಗಿದ್ದೆ. ಲಿಫ್ಟಿನಲ್ಲಿ ಇಳಿಯುವಾಗ ಅದು ತಿಳಿಯಿತು.

ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ. ಆಮೇಲೆ ಒಂದು ದಿನ ನಮ್ಮ ಯಜಮಾನರ ಫೋನಿಗೆ ಮೆಸೇಜು ಬಂತು. ಅವರು ಓದಿ ನನ್ನ ಕಡೆ ನೋಡದೆ ಹೇಳಿದರು, “ಚಾ ಕೊಡೂ ಕಾರ್ಯಕ್ರಮ ಐತಂತ. ಮಾಮಾ, ಮನಿ ಹಿರ್ಯಾರಂತ ನೀವ ಬರ್ರಿ ಅಂದಾಳ.”

“ಹೋಗಿ ಬರ್ರಿ,” ಅಂದೆ.

“ನೀ?”

“ಕಾರಿನ್ಯಾಗ ಕೂಡ್ತೇನಿ.”

ಮದುವೆಗಳಿಗೆ ಹಾಕುವ ಅಂಗಿಯನ್ನು ನಾನೇ ಇಸ್ತ್ರಿ ಮಾಡಿ ಕೊಟ್ಟೆ. ಪ್ಲಾಜಾದ ಪಾರ್ಕಿಂಗಿನಲ್ಲಿ, ಮೇಲಿನ ಕಿಟಕಿ ಕಾಣದಷ್ಟು ದೂರದಲ್ಲಿ ಕಾರು ನಿಲ್ಲಿಸಲು ಹೇಳಿದೆ. ಅವರು ಒಳಗೆ ಹೋದರು. ಜನ ಬೇಕರಿಯಿಂದ ಗುಲಾಬಿ ಡಬ್ಬಿಗಳನ್ನು ಹಿಡಿದು ಬರುತ್ತಿದ್ದರು, ಹೋಗುತ್ತಿದ್ದರು. ಮೇಲೆ ಅವಳು ಈಗ ಮಂಡಿಯೂರಿರಬಹುದು, ಈಗ ಲೋಟ ಎತ್ತಿರಬಹುದು ಎಂದು ಅಂದಾಜು ಮಾಡುತ್ತ ಕೂತೆ. ಆ ಕೋಣೆ ಅವಳದಾಗಬೇಕಿತ್ತು. ಅದನ್ನು ನಾನು ತೆಗೆದುಕೊಂಡಿದ್ದೆ. ಉಳಿದದ್ದನ್ನು ಅವಳು ನಾನಿಲ್ಲದೆ ತೆಗೆದುಕೊಳ್ಳುತ್ತಿದ್ದಳು. ಅದು ಸರಿಯಾಗಿಯೇ ಇತ್ತು.

ನಮ್ಮವರು ಬಂದು ಕಾರಿನಲ್ಲಿ ಕೂತರು.

“ಏನ ಕೇಳಿದ್ರು?”

“ಈ ಹುಡುಗಿನ್ನ ಒಪ್ಪಿಸ್ತೀರೇನು ಅಂದ್ರು. ಹೌದು ಅಂದೆ. ಆಮ್ಯಾಲ ಅಕಿ ಅಕ್ಕ ಎಲ್ಲಿ ಅಂತ ಕೇಳಿದ್ರು.”

“ಏನಂದ್ರಿ?”

“ನಾ ಬಾಯಿ ತಗಿಯೂದ್ರಾಗ ಅಕಿನ ಹೇಳಿದ್ಲು. ಕೆಳಗ ಕಾರಿನ್ಯಾಗ ಕೂತಾಳ ಅಂತ.” ಅವರು ನನ್ನ ಕಡೆ ತಿರುಗಿದರು. “ನೀ ಹೇಳಿದ್ದೇನು ಅಕಿಗೆ, ಬರ್ತೇನಿ ಅಂತ?”

“ಇಲ್ಲ.”

“ನಾನೂ ಹೇಳಿಲ್ಲ.”

“ಮ್ಯಾಲ ಬಾ ಅಂದ್ಲೇನು?”

“ಇಲ್ಲ,” ಎಂದರು ಅವರು. ಸ್ವಲ್ಪ ಹೊತ್ತು ಕೀಲಿಯನ್ನು ಕೈಯಲ್ಲೇ ಹಿಡಿದು ಕೂತು, ಆಮೇಲೆ ಕಾರು ಶುರು ಮಾಡಿದರು.